ಪುನರುತ್ಥಾನವೆಂದರೆ ಹಳೆಯದಕ್ಕೆ ಹಿಂತಿರುಗುವುದಲ್ಲ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗಗಳಲ್ಲಿ ನಮ್ಮ ಕ್ರೈಸ್ತ ಕುಟುಂಬಗಳು ಹಲವು ಧರ್ಮದವರ ನಡುವೆ ಬಾಳುತ್ತಿವೆ. ಮುಂಡಗೋಡದಲ್ಲಂತೂ 1966ರಿಂದ ಟಿಬೆಟನ್ ಬೌದ್ಧರು ನಮ್ಮ ನೆರೆಹೊರೆಯವರು. ಪಾಸ್ಖ ಹಬ್ಬ ಬಂದಾಗ ಇತರ ಧರ್ಮದ ಸ್ನೇಹಿತರು ನಮ್ಮನ್ನು ಕೇಳುವುದುಂಟು: ಪುನರುತ್ಥಾನ ಎಂದರೆ ಪುನರ್ಜನ್ಮವೇ? ಪ್ರಶ್ನೆ ಸಹಜವಾದುದು. ನಮ್ಮಲ್ಲಿ ಎಷ್ಟು ಮಂದಿ ಸರಿಯಾದ ಉತ್ತರ ಕೊಡಬಲ್ಲೆವು?

ಪುನರ್ಜನ್ಮದಲ್ಲಿ ಒಂದು ದೇಹ ಹೋಗಿ ಇನ್ನೊಂದು ಬರುತ್ತದೆ. ಯೇಸುಸ್ವಾಮಿಯವರ ವಿಷಯದಲ್ಲಿ ಹಾಗಾಗಲಿಲ್ಲ. ಸಮಾಧಿಯಲ್ಲಿಟ್ಟ ಅದೇ ದೇಹ ಮಹಿಮೆ ಹೊಂದಿ ಎದ್ದಿತು. ಹಾಗೆಂದು ಅದು ಲಾಸರನ ಬದುಕಿನಂತೆಯೂ ಅಲ್ಲ. ಲಾಸರನು ಎದ್ದು ಬಂದದ್ದು ಹಳೆಯ ಜೀವನಕ್ಕೇ. ಅವನು ಮತ್ತೆ ಸಾಯಬೇಕಾಗಿತ್ತು. ಕ್ರಿಸ್ತರಿಗೆ ಇನ್ನು ಸಾವಿಲ್ಲ. ಆದರೂ ಅವರು ನೆರಳಲ್ಲ, ಭೂತವಲ್ಲ. ಶಿಷ್ಯರ ಮುಂದೆ ಸುಟ್ಟ ಮೀನು ತಿಂದರು. ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು, ರಾತ್ರಿಯಿಡೀ ಬಲೆ ಬೀಸಿ ದಣಿದವರನ್ನು ಊಟಕ್ಕೆ ಕರೆದರು. ಕರಾವಳಿಯವರಾದ ನಮಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ!

ಎಲ್ಲಕ್ಕಿಂತ ಮಿಗಿಲಾಗಿ, ಎದ್ದ ದೇಹದಲ್ಲಿ ಗಾಯಗಳು ಉಳಿದಿದ್ದವು. ಸಂಶಯಪಟ್ಟ ತೋಮನಿಗೆ ಪ್ರಭು ತೋರಿಸಿದ್ದು ಆ ಗಾಯಗಳನ್ನೇ. ದೇವರು ಅವುಗಳನ್ನು ಅಳಿಸಿಹಾಕಬಹುದಿತ್ತು, ಆದರೆ ಅಳಿಸಲಿಲ್ಲ. ಪುನರುತ್ಥಾನದ ಅರ್ಥ ಇಲ್ಲಿಯೇ ಅಡಗಿದೆ ಎಂದು ನಮಗೆ ತೋರುತ್ತದೆ.

ನಮ್ಮ ಸಿದ್ದಿ ಬಾಂಧವರನ್ನು ನೋಡೋಣ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಇವರು. ಗೋವೆಯಲ್ಲಿ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡ ಅನೇಕರು ಘಟ್ಟದ ಕಾಡನ್ನು ಸೇರಿದರು. ಆ ಒಡೆಯರು ಕ್ರೈಸ್ತರೇ ಆಗಿದ್ದರು ಎಂಬುದನ್ನು ನಾವು ಮರೆಮಾಚಬಾರದು. ಇಂದು ಹಳಿಯಾಳ ಭಾಗದಲ್ಲಿ ಅನೇಕ ಸಿದ್ದಿ ಕುಟುಂಬಗಳು ಕಥೋಲಿಕರು. ಪಾಸ್ಖ ಜಾಗರಣೆಯ ಹಳೆಯ ಒಡಂಬಡಿಕೆಯ ಏಳು ವಾಚನಗಳಲ್ಲಿ ಕೆಲವನ್ನು ಬಿಡಲು ಅನುಮತಿ ಇದೆ. ಆದರೆ ಗುಲಾಮರಾಗಿದ್ದ ಇಸ್ರಯೇಲರು ಸಮುದ್ರ ದಾಟಿದ ವಾಚನವನ್ನು ಎಂದಿಗೂ ಬಿಡುವಂತಿಲ್ಲ. ಆ ವಾಚನವನ್ನು ನಾವೆಲ್ಲರೂ ಕೇಳುತ್ತೇವೆ. ಸಿದ್ದಿಗಳಿಗಾದರೋ ಅದು ಮನೆತನದ ಕಥೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಗಾಯ ಇನ್ನೂ ಇದೆ, ಅವಮಾನದ ಮಾತುಗಳು ನಿಂತಿಲ್ಲ. ಆದರೆ ಆ ಜನ ಎದ್ದು ನಿಂತಿದ್ದಾರೆ.

ಜೋಯಿಡಾದ ಕಥೆ ಬೇರೆ. ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರೂ ಸುತ್ತಲಿನ ಹಳ್ಳಿಗಳೂ ನೀರಿನಡಿ ಸೇರಿದವು. ತಾಲೂಕಿನ ಹೆಸರೇ ಬದಲಾಯಿತು. ಮನೆ, ಗದ್ದೆ, ಹಿರಿಯರ ಸಮಾಧಿ ಬಿಟ್ಟು ಬಂದ ಅನೇಕರು ರಾಮನಗರದಲ್ಲಿ ಹೊಸದಾಗಿ ಒಲೆ ಹೊತ್ತಿಸಿದರು. ಮುಳುಗಡೆಯನ್ನು ಪುನರುತ್ಥಾನವೆಂದು ಕರೆಯುವಷ್ಟು ಧೈರ್ಯ ನಮಗಿಲ್ಲ, ಅದು ಶಿಲುಬೆ. ಶಿಲುಬೆಯನ್ನು ಹೊರಿಸಿದವರು ಅದನ್ನು ಆಶೀರ್ವಾದವೆಂದು ಬೋಧಿಸಬಾರದು. ಹಳೆಯ ಸೂಪಾ ಹಿಂತಿರುಗಿ ಬರುವುದಿಲ್ಲ ಎಂದು ತಿಳಿದೂ ಹೊಸ ನೆಲದಲ್ಲಿ ಬೀಜ ಬಿತ್ತಿದರಲ್ಲ, ಅಲ್ಲಿ ಪುನರುತ್ಥಾನದ ಗುರುತು ಕಾಣುತ್ತದೆ. ಬಿತ್ತಿದ ಕಾಳು ಸಾಯದೆ ಜೀವ ಪಡೆಯದು ಎಂದು ಸಂತ ಪೌಲರು ಕೊರಿಂಥದವರಿಗೆ ವಿವರಿಸಿದ್ದೂ ಇದನ್ನೇ.

ಸಾವಿನ ಮನೆಗೆ ಹೋದಾಗ ನಾವು ಬಹಳ ಬೇಗ 'ದೇವರ ಚಿತ್ತ, ಅಳಬೇಡಿ' ಎಂದುಬಿಡುತ್ತೇವೆ. ಸಮಾಧಿಯ ಬಳಿ ಅಳುತ್ತಿದ್ದ ಮಗ್ದಲದ ಮರಿಯಳಿಗೆ ಯೇಸು ಉಪದೇಶ ಮಾಡಲಿಲ್ಲ. ಏಕೆ ಅಳುತ್ತಿರುವೆ ಎಂದು ಕೇಳಿದರು, ಹೆಸರು ಹಿಡಿದು ಕರೆದರು. ಅಷ್ಟೇ. ಆಕೆ ಅವರನ್ನು ಗುರುತಿಸಿದಳು.

ಜಾಗರಣೆಯ ರಾತ್ರಿ ಗುರುಗಳು ಪಾಸ್ಖ ಮೇಣದಬತ್ತಿಗೆ ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಅವು ಕ್ರಿಸ್ತರ ಐದು ಗಾಯಗಳು. ಗಾಯಗಳಿರುವ ಆ ಬತ್ತಿಯಿಂದಲೇ ವರ್ಷವಿಡೀ ಜ್ಞಾನಸ್ನಾನ ಪಡೆಯುವ ಮಕ್ಕಳ ದೀಪ ಹಚ್ಚುತ್ತೇವೆ. ನಮ್ಮಲ್ಲಿ ಯಾರಾದರೂ ತೀರಿಕೊಂಡಾಗ, ದೇವಾಲಯಕ್ಕೆ ತಂದ ಶವಪೆಟ್ಟಿಗೆಯ ಪಕ್ಕದಲ್ಲಿ ಉರಿಯುವುದೂ ಅದೇ ಬತ್ತಿ.