ಎಲ್‌ಎಲ್ ಇದೆ, ಆದ್ರೆ ಸ್ಕೂಟರ್ 110 ಸಿಸಿ: 16ರ ವಯಸ್ಸಿಗೆ ಕಾನೂನು ಕೊಟ್ಟಿರೋದು ಎಷ್ಟು?

ಈ ಸಂಚಿಕೆ ಪಿಯುಸಿ ಓದ್ತಾ ಇರೋರಿಗೆ, ಅವರ ಅಣ್ಣ ಅಕ್ಕಂದಿರಿಗೆ, ಮತ್ತೆ ಮನೇಲಿ ಸ್ಕೂಟರ್ ಕೀ ಯಾರ ಕೈಯಲ್ಲಿರುತ್ತೋ ಅವರಿಗೆ. ಇಯರ್‌ಫೋನ್ ಇಲ್ಲದವರು ಇಲ್ಲೇ ಓದಿಕೊಳ್ಳಿ, ಐದು ನಿಮಿಷ ಸಾಕು.

ಪ್ರಶ್ನೆ ಸಿಂಪಲ್. ನಿಮಗೆ 16 ತುಂಬಿದೆ. ಅಪ್ಪನೋ ಅಮ್ಮನೋ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದ್ದಾರೆ. ಪರೀಕ್ಷೆ ಪಾಸಾಗಿ ಲರ್ನರ್ ಲೈಸೆನ್ಸ್, ಅಂದ್ರೆ ಎಲ್‌ಎಲ್, ಕೈಗೆ ಬಂದಿದೆ. ಹಾಗಾದ್ರೆ ಮನೆ ಮುಂದೆ ನಿಂತಿರೋ ಆಕ್ಟಿವಾದಲ್ಲಿ ಕಾಲೇಜಿಗೆ ಹೋಗಬಹುದಾ?

ಹೋಗೋ ಹಾಗಿಲ್ಲ. ಆದ್ರೆ ಹೋಗಬಹುದು ಅಂತ ನಂಬಿರೋ ಮನೆಗಳೇ ಜಾಸ್ತಿ. ಯಾಕೆ ಅಂದ್ರೆ "16ಕ್ಕೆ ಗೇರ್ ಇಲ್ಲದ ಗಾಡಿ ಓಡಿಸಬಹುದು" ಅನ್ನೋ ಅರ್ಧ ಮಾತು ಎಲ್ಲರ ಬಾಯಲ್ಲೂ ಇದೆ. ಉಳಿದ ಅರ್ಧ ಯಾರೂ ಹೇಳಲ್ಲ.

ಆ ಉಳಿದ ಅರ್ಧ

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ನೋಡಿ. ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸೋಕೆ 18 ವರ್ಷ ಆಗಿರಬೇಕು, ಇದು ಮುಖ್ಯ ನಿಯಮ. ಇದಕ್ಕೆ ಒಂದು ವಿನಾಯಿತಿ ಇದೆ: ಎಂಜಿನ್ 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ 16 ಸಾಕು. ಅಂದ್ರೆ ಗೇರ್ ಇಲ್ಲ ಅನ್ನೋದಷ್ಟೇ ಸಾಲದು, 50 ಸಿಸಿ ಒಳಗೂ ಇರಬೇಕು.

ಈಗ ನಮ್ಮ ರಸ್ತೆ ಮೇಲಿರೋ ಗಾಡಿಗಳನ್ನ ನೋಡೋಣ. ಆಕ್ಟಿವಾ, ಜುಪಿಟರ್ ಸುಮಾರು 110 ಸಿಸಿ. ಆಕ್ಸೆಸ್, ಎನ್‌ಟಾರ್ಕ್ ಸುಮಾರು 125. ಹಳ್ಳಿ ಕಡೆ ಹಾಲಿನ ಕ್ಯಾನು, ಮೇವಿನ ಹೊರೆ ಎಲ್ಲ ಹೊರೋ ಟಿವಿಎಸ್ ಎಕ್ಸ್‌ಎಲ್ ಕೂಡ 100ರ ಹತ್ತಿರ. ಒಂದೂ 50ರ ಒಳಗಿಲ್ಲ.

ಕಾಯ್ದೆ ಬಂದ ಕಾಲದಲ್ಲಿ ಈ ವಿನಾಯಿತಿಗೆ ಅರ್ಥ ಇತ್ತು. ಆಗ ಲೂನಾ ಇತ್ತು, ಟಿವಿಎಸ್ 50 ಇತ್ತು. ಆ ಮೊಪೆಡ್‌ಗಳು ಹೋದವು, ಕಾನೂನಿನ ಸಾಲು ಮಾತ್ರ ಉಳೀತು. ಇವತ್ತು ದೊಡ್ಡ ಕಂಪನಿಗಳ ಶೋರೂಮ್‌ಗೆ ಹೋಗಿ 50 ಸಿಸಿ ಪೆಟ್ರೋಲ್ ಸ್ಕೂಟರ್ ಕೊಡಿ ಅಂದ್ರೆ ಸಿಗಲ್ಲ. ಸರ್ಕಾರ 16ರ ಹುಡುಗ ಹುಡುಗಿಗೆ ಎಲ್‌ಎಲ್ ಕೊಡುತ್ತೆ, ಆದ್ರೆ ಅದಕ್ಕೆ ಹೊಂದೋ ಹೊಸ ಗಾಡಿ ಮಾರ್ಕೆಟ್‌ನಲ್ಲಿಲ್ಲ. ಹಾಗಾಗಿ ಆ ಎಲ್‌ಎಲ್ ಜೇಬಿಗೆ ಬರುತ್ತೆ, ಓಡಿಸೋದು 110 ಸಿಸಿ.

ಎಲ್‌ಎಲ್ ಯಾವಾಗ ಕಾಪಾಡುತ್ತೆ?

2019ರ ಸೆಪ್ಟೆಂಬರ್ 1ರಿಂದ ಕಾಯ್ದೆಯಲ್ಲಿ 199ಎ ಅನ್ನೋ ಸೆಕ್ಷನ್ ಜಾರಿಯಲ್ಲಿದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದ್ರೆ ಪೋಷಕರು ಅಥವಾ ಗಾಡಿ ಮಾಲೀಕರು ತಪ್ಪಿತಸ್ಥರು ಅನ್ನುತ್ತೆ ಅದು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ದಂಡ ಕಟ್ಟಿದ ಅಪ್ಪ ಅಮ್ಮಂದಿರ ಸುದ್ದಿ ನೀವೂ ಓದಿರ್ತೀರಿ. "ನನಗೆ ಗೊತ್ತೇ ಇರಲಿಲ್ಲ ಸಾರ್" ಅಂದ್ರೆ ಸಾಕಾಗಲ್ಲ. ಒಪ್ಪಿಗೆ ಇತ್ತು ಅಂತಲೇ ಕೋರ್ಟ್ ಭಾವಿಸುತ್ತೆ, ಇರಲಿಲ್ಲ ಅಂತ ಸಾಬೀತು ಮಾಡೋದು ದೊಡ್ಡವರ ಪಾಡು.

ಇದೇ ಸೆಕ್ಷನ್‌ನಲ್ಲಿ ಒಂದು ರಕ್ಷಣೆ ಕೂಡ ಇದೆ. ಮಗುವಿಗೆ ಎಲ್‌ಎಲ್ ಇದ್ದು, ಆ ಎಲ್‌ಎಲ್ ಒಪ್ಪುವ ಗಾಡಿಯನ್ನೇ ಓಡಿಸ್ತಿದ್ರೆ ಪೋಷಕರ ಮೇಲೆ ಈ ಹೊಣೆ ಬರಲ್ಲ. ಎರಡೂ ಷರತ್ತು ಒಟ್ಟಿಗೆ ಬೇಕು. 110 ಸಿಸಿ ಸ್ಕೂಟರ್ ಹತ್ತಿದ ಕೂಡಲೇ ಎರಡನೇದು ಬಿದ್ದುಹೋಗುತ್ತೆ. ಅಲ್ಲಿಗೆ ನಿಮ್ಮ ಎಲ್‌ಎಲ್ ಅಪ್ಪನನ್ನ ಕಾಪಾಡಲ್ಲ. ಗಾಡಿ ಮಾವನದ್ದೋ, ಗೆಳೆಯನ ಅಣ್ಣನದ್ದೋ ಆಗಿದ್ರೆ ಅವರನ್ನೂ ಕಾಪಾಡಲ್ಲ.

ಲೆಕ್ಕ ಹಾಕೋಣ

ನಾನು ಬಿ.ಕಾಂ ಓದಿದ್ದು, ಲೆಕ್ಕ ಹಾಕದೆ ಇರೋಕಾಗಲ್ಲ. 25,000 ಎಲ್ಲರ ಕಣ್ಣಿಗೆ ಬೀಳೋ ಖರ್ಚು. ಆದ್ರೆ ನನ್ನ ಪ್ರಕಾರ ದೊಡ್ಡ ಖರ್ಚು ಇನ್ನೊಂದಿದೆ: ಸಿಕ್ಕಿಬಿದ್ದ ಅಪ್ರಾಪ್ತರಿಗೆ 25 ವರ್ಷ ತುಂಬೋ ತನಕ ಡಿಎಲ್ ಆಗ್ಲಿ, ಎಲ್‌ಎಲ್ ಆಗ್ಲಿ ಸಿಗಲ್ಲ ಅಂತ 199ಎ ಹೇಳುತ್ತೆ. ಕ್ಲಾಸ್‌ಮೇಟ್‌ಗಳು 18ಕ್ಕೆ ಲೈಸೆನ್ಸ್ ತಗೋತಾರೆ, ನೀವು ಇನ್ನೂ ಏಳು ವರ್ಷ ಕಾಯಬೇಕು.

ಆ ಏಳು ವರ್ಷ ಯಾವುದು ನೋಡಿ. ಡಿಗ್ರಿ ಮುಗಿಸೋದು, ಮೊದಲ ಕೆಲಸ ಹುಡುಕೋದು ಎಲ್ಲ ಅದರೊಳಗೇ ಬರುತ್ತೆ. ಫೀಲ್ಡ್ ಸೇಲ್ಸ್, ಸಾಲದ ಕಲೆಕ್ಷನ್, ಡೆಲಿವರಿ ಕೆಲಸದ ಜಾಹೀರಾತಿನ ಕೊನೇ ಸಾಲು ಓದಿದ್ದೀರಾ? "ಟೂ ವೀಲರ್ ಮತ್ತು ಡಿಎಲ್ ಕಡ್ಡಾಯ." ಟ್ಯೂಷನ್‌ಗೆ ಹೋಗೋಕೆ ಉಳಿಸಿದ ಹದಿನೈದು ನಿಮಿಷಕ್ಕೆ ಇಷ್ಟು ಬೆಲೆ.

ಮೂರನೇದು ಅಪಘಾತದ ಲೆಕ್ಕ. ನಿಮ್ಮ ಸ್ಕೂಟರ್ ತಾಗಿ ದಾರಿಹೋಕರಿಗೆ ಪೆಟ್ಟಾಯ್ತು ಅಂದ್ಕೊಳ್ಳಿ. "ಇನ್ಶೂರೆನ್ಸ್ ಇದೆಯಲ್ಲ" ಅನ್ನೋರಿಗೆ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಗೊತ್ತಿರಲಿ. ಎಲ್‌ಎಲ್ ಇರೋರು ಓಡಿಸ್ತಿದ್ರು ಅನ್ನೋ ಒಂದೇ ಕಾರಣಕ್ಕೆ ವಿಮಾ ಕಂಪನಿ ಪರಿಹಾರದಿಂದ ನುಣುಚಿಕೊಳ್ಳೋ ಹಾಗಿಲ್ಲ. ಆದ್ರೆ ಅರ್ಹ ಲೈಸೆನ್ಸ್ ಇಲ್ಲದವರ ಕೈಗೆ ಮಾಲೀಕರು ಗಾಡಿ ಕೊಟ್ಟಿದ್ದು ಸಾಬೀತಾದ್ರೆ, ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಅದನ್ನ ಮಾಲೀಕರಿಂದ ವಸೂಲಿ ಮಾಡಬಹುದು. ಪರಿಹಾರ ಲಕ್ಷಗಳಲ್ಲಿದ್ರೆ ವಸೂಲಿಯೂ ಲಕ್ಷಗಳಲ್ಲೇ.

"ನಾವು ಮೇನ್ ರೋಡಿಗೆ ಹೋಗಲ್ಲ" ಅನ್ನೋರಿಗೂ ಒಂದು ಮಾತು. ಜನ ಓಡಾಡೋ ಹಕ್ಕಿರೋ ಯಾವ ದಾರಿಯೂ ಕಾನೂನಿನ ಕಣ್ಣಿಗೆ ಸಾರ್ವಜನಿಕ ಜಾಗವೇ. ನಿಮ್ಮ ಬೀದಿಯೂ ಅದರಲ್ಲಿ ಬಂತು.

ಮತ್ತೆ ಏನು ಮಾಡೋದು?

ಎಲ್ಲ ಊರಿಗೂ ಬೆಳಗ್ಗೆ ಕಾಲೇಜು ಟೈಮಿಗೆ ಬಸ್ ಇರಲ್ಲ, ಗೊತ್ತು. ಸ್ಕೂಟರ್ ಎಲ್ಲರಿಗೂ ಶೋಕಿಗಲ್ಲ, ಕೆಲವರಿಗೆ ಬೇರೆ ದಾರಿ ಇಲ್ಲ. ಕಾನೂನು ಈ ಗ್ಯಾಪ್ ತುಂಬಬೇಕು ಅನ್ನೋದು ನ್ಯಾಯವಾದ ವಾದ. ಆದ್ರೆ ತುಂಬೋ ತನಕ ಬೆಲೆ ಕಟ್ಟೋದು ನಿಮ್ಮ ಮನೆ.

ಇರೋ ದಾರಿ ಇಷ್ಟು. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಅಂತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ. ಅಂಗಡಿಯವರು "ವೈರ್ ಬದಲಾಯಿಸಿ ಸ್ಪೀಡ್ ಜಾಸ್ತಿ ಮಾಡಿಕೊಡ್ತೀವಿ" ಅಂದ್ರೆ ಬೇಡ ಅನ್ನಿ, ಆ ವಿನಾಯಿತಿ ಅಲ್ಲಿಗೇ ಮುಗೀತು. ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಶಕ್ತಿ ಯೋಜನೆ ಇದೆ, ಉಳಿದವರಿಗೆ ವಿದ್ಯಾರ್ಥಿ ಪಾಸ್ ಇದೆ.

18 ತುಂಬಿದ ಮೇಲೆ ಹೊಸದಾಗಿ ಎಲ್‌ಎಲ್‌ಗೆ ಅರ್ಜಿ ಹಾಕುವಾಗ ನಿಜವಾಗಿ ಓಡಿಸೋ ಗಾಡಿ ಯಾವುದು ಅಂತ ನೋಡಿ ವರ್ಗ ಆರಿಸಿ. ಗೇರ್ ಇಲ್ಲದ್ದಕ್ಕೆ ಎಲ್‌ಎಲ್ ತಗೊಂಡು ಅಣ್ಣನ ಬುಲೆಟ್ ಹತ್ತಿದ್ರೆ ಮತ್ತೆ ಅದೇ ಕಥೆ. ಎಲ್‌ಎಲ್ ಆರು ತಿಂಗಳು ನಡೆಯುತ್ತೆ, 30 ದಿನ ಆದ್ಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಅಲ್ಲಿ ತನಕ ಹಿಂದೆ ಮುಂದೆ ಬಿಳಿ ಹಲಗೆ ಮೇಲೆ ಕೆಂಪು "ಎಲ್" ಇರಬೇಕು. ಹಿಂದಿನ ಸೀಟಲ್ಲಿ ಲೈಸೆನ್ಸ್ ಇದ್ದು ಕಲಿಸೋರು ಕೂರಬಹುದು, ಗೆಳೆಯರು ಕೂರೋ ಹಾಗಿಲ್ಲ.

ಈಗ ಒಂದು ಕೆಲಸ ಮಾಡಿ. ಡಿಜಿಲಾಕರ್ ತೆರೆದು ಮನೆ ಸ್ಕೂಟರ್‌ನ ಆರ್‌ಸಿ ನೋಡಿ. "ಕ್ಯೂಬಿಕ್ ಕೆಪಾಸಿಟಿ" ಅಂತ ಒಂದು ಸಾಲಿರುತ್ತೆ. ಅಲ್ಲಿರೋ ಸಂಖ್ಯೆ 50ಕ್ಕಿಂತ ಜಾಸ್ತಿ ಇದ್ದು, ನಿಮಗಿನ್ನೂ 18 ಆಗಿಲ್ಲ ಅಂದ್ರೆ ಕೀ ಅಪ್ಪನ ಹತ್ರಾನೇ ಇರಲಿ. ಮುಂದಿನ ವಾರ ಸಿಗೋಣ.