ಡೆವಲಪರ್ ಎಷ್ಟನೇ ನಂಬರಿನದು ಎಂದು ಕೇಳಿದ್ದೀರಾ?

ಮನೆಯಲ್ಲಿ ಮದುವೆಯ ಸಂಭ್ರಮ. ನಿಕಾಹ್‌ಗೆ ಇನ್ನು ಎರಡೇ ದಿನ. ಕೂದಲಿನ ನಡುವೆ ಹೊಂಬಣ್ಣದ ಎಳೆಗಳು ಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಮಹಿಳೆಯರೇ ನಡೆಸುವ ಬ್ಯೂಟಿ ಪಾರ್ಲರಿಗೆ ಅವಳನ್ನು ಕರೆದೊಯ್ಯುತ್ತೀರಿ. ‘ಸ್ವಲ್ಪ ಬೇಗ ಮುಗಿಸಿಕೊಡಿ’ ಎನ್ನುತ್ತೀರಿ. ಈ ಒಂದು ಮಾತು ಮಗಳ ನೆತ್ತಿಯನ್ನು ಸುಡಬಹುದೆಂದು ನೀವು ಯೋಚಿಸಿದ್ದೀರಾ?

ಬ್ಲೀಚ್ ಪುಡಿಯನ್ನು ಡೆವಲಪರ್‌ನಲ್ಲಿ ಕಲಸಿ ಹಚ್ಚುತ್ತಾರೆ. ಡೆವಲಪರ್‌ನ ಮುಖ್ಯ ಅಂಶ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಮೇಲೆ 10, 20, 30 ಅಥವಾ 40 ವಾಲ್ಯೂಮ್ ಎಂದು ಬರೆದಿರುತ್ತದೆ. ಅದರಲ್ಲಿ ಕ್ರಮವಾಗಿ ಶೇ. 3, 6, 9 ಮತ್ತು 12ರಷ್ಟು ಪೆರಾಕ್ಸೈಡ್ ಇದೆ ಎಂದರ್ಥ. ಪುಡಿಯ ಕ್ಷಾರವು ಕೂದಲಿನ ಹೊರಪದರವನ್ನು ಉಬ್ಬಿಸಿ ತೆರೆಯುತ್ತದೆ. ಪೆರಾಕ್ಸೈಡ್ ಒಳಹೊಕ್ಕು ಕಪ್ಪು ಬಣ್ಣವನ್ನು ಒಡೆಯುತ್ತದೆ.

ನಂಬರ್ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು ಕಲ್ಪನೆ. ಬಣ್ಣ ಬೇಗ ಹೋಗುತ್ತದೆ ನಿಜ, ಅದರೊಂದಿಗೆ ಕೂದಲಿನ ಬಲವೂ ಹೋಗುತ್ತದೆ. ನಮ್ಮ ಕಪ್ಪು ಕೂದಲು ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿಯಾಗುತ್ತದೆ. ಇದನ್ನೆಲ್ಲ ಒಂದೇ ದಿನದಲ್ಲಿ ಮಾಡಿಸಲು ಹೋಗಬಾರದು. ಕೆಲವು ವಾರಗಳ ಅಂತರವಿಟ್ಟು ಎರಡು ಸಲ ಮಾಡಿಸುವುದೇ ಜಾಣತನ.

ತೆಳುವಾದ ಅಥವಾ ಈಗಾಗಲೇ ಬ್ಲೀಚ್ ಆಗಿರುವ ಕೂದಲಿಗೆ 10 ಸಾಕು. ಮಿಶ್ರಣ ನೆತ್ತಿಗೆ ತಾಗುವುದಾದರೆ 20ನ್ನು ಮೀರಬೇಡಿ. 30 ಏನಿದ್ದರೂ ಆರೋಗ್ಯವಂತ ದಪ್ಪ ಕೂದಲಿಗೆ, ಅದೂ ನೆತ್ತಿಯಿಂದ ದೂರವಿಟ್ಟು, ನುರಿತ ಕೈಯಿಂದ ಮಾತ್ರ. 40 ಬೇಡವೇ ಬೇಡ. ನೆತ್ತಿಯ ಬಿಸಿಗೆ ಬುಡದ ಕೂದಲು ಬೇಗ ಬಣ್ಣ ಬಿಡುವುದರಿಂದ ಬುಡಕ್ಕೆ ಕೊನೆಯಲ್ಲಿ ಹಚ್ಚಬೇಕು. ಆಗಾಗ ಒರೆಸಿ ನೋಡುತ್ತಿರಬೇಕು. ಉರಿ ತಡೆಯಲಾಗದಿದ್ದರೆ ಸಂಕೋಚಪಡದೆ ಹೇಳಿ, ಕೂಡಲೇ ತಣ್ಣೀರಿನಲ್ಲಿ ತೊಳೆಸಿಕೊಳ್ಳಿ. ಆ ದಿನ ಬೆಳಿಗ್ಗೆ ತಲೆಸ್ನಾನ ಮಾಡಿ ಹೋಗಬೇಡಿ. ನೆತ್ತಿಯ ಸಹಜ ಜಿಡ್ಡು ಚರ್ಮಕ್ಕೆ ರಕ್ಷಣೆ. ಪುಡಿಯಲ್ಲಿರುವ ಪರ್ಸಲ್ಫೇಟ್ ದಮ್ಮನ್ನು ಕೆರಳಿಸಬಲ್ಲದು. ಆದ್ದರಿಂದ ಅಸ್ತಮಾ ಇರುವವರು ಬ್ಲೀಚ್‌ನಿಂದ ದೂರವಿರುವುದು ಲೇಸು.

ಇನ್ನೊಂದು ವಿಷಯವನ್ನು ನಮ್ಮ ಸಹೋದರಿಯರು ವಿಶೇಷವಾಗಿ ಗಮನಿಸಬೇಕು. ತಲೆಗೆ ಮದರಂಗಿ ಹಚ್ಚುವ ರೂಢಿ ನಮ್ಮ ಮನೆಗಳಲ್ಲಿದೆ. ಅಪ್ಪಟ ಸೊಪ್ಪಿನ ಪುಡಿಯಾದರೆ ಅಷ್ಟು ಭಯವಿಲ್ಲ. ಆದರೆ ಮದರಂಗಿಯ ಹೆಸರಿನಲ್ಲಿ ಮಾರುವ ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಪೆರಾಕ್ಸೈಡ್ ತಾಗಿದರೆ ಅಂಥ ಕೂದಲು ಬಿಸಿಯೇರಿ ತುಂಡಾಗಬಹುದು. ಹಿಂದಿನ ತಿಂಗಳು ಹಚ್ಚಿದ್ದರೂ ಮುಚ್ಚಿಡಬೇಡಿ. ಒಳಗಿನ ನಾಲ್ಕೆಳೆ ಕೂದಲನ್ನು ಕತ್ತರಿಸಿ, ಅದೇ ಮಿಶ್ರಣದಲ್ಲಿ ಪರೀಕ್ಷಿಸಿ ನೋಡಲು ಹೇಳಿ. ಬಿಸಿಯಾದರೆ ಅಥವಾ ಎಳೆ ಜಗ್ಗಿದಾಗ ಕಿತ್ತುಬಂದರೆ ಆ ಯೋಚನೆಯನ್ನೇ ಬಿಡಿ.

ಕೂದಲುಳ್ಳವರು ಅದನ್ನು ಗೌರವದಿಂದ ನೋಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಿತಿಯೊಳಗಿನ ಅಲಂಕಾರವನ್ನು ಇಸ್ಲಾಮ್ ತಡೆಯುವುದಿಲ್ಲ. ಆದರೆ ಶರೀರವು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಎರಡು ದಿನಗಳ ಸೊಬಗಿಗಾಗಿ ಅದಕ್ಕೆ ಹಾನಿ ಮಾಡುವ ಹಕ್ಕು ನಮಗಿಲ್ಲ.

ಆದ್ದರಿಂದ ಸಹೋದರಿ, ಪಾರ್ಲರಿನ ಕುರ್ಚಿಯಲ್ಲಿ ಕುಳಿತಾಗ ದರ ಕೇಳುವ ಮೊದಲು ಡೆವಲಪರ್‌ನ ನಂಬರ್ ಕೇಳಿ. ಬಾಟಲಿ ತೋರಿಸಲು ಹಿಂಜರಿದರೆ ಎದ್ದು ಬನ್ನಿ. ನಿಮ್ಮ ಮಗಳು ತನ್ನ ಕಪ್ಪು ಕೂದಲಿನಲ್ಲೇ ಚೆಂದದ ಮದುಮಗಳಾಗಿ ಕಾಣುತ್ತಾಳೆ.