ಟೊಂಕದ ನರ ಹುಡುಕಿದ ಹಾದಿ

ಗದಗ ಸೀಮೆಯ ಮಾಗಡಿ ಕೆರೆಯ ಏರಿ ಮೇಲೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುತ್ತ ಕೂತಿದ್ದೆ. ಪಕ್ಕಕ್ಕೆ ಬಂದ ಹಿರಿಯರನ್ನು ಕೂಡ್ರಿ ಅಂದರೆ ಕೂಡಲೊಲ್ಲರು. “ಕುಂತ್ರ ಏಳಾಕ ಆಗಂಗಿಲ್ರೀ. ಟೊಂಕದಾಗ ನರ ಹಿಡದೈತಿ, ಹಿಮ್ಮಡಿತನಾ ಚಳಕ ಹೊಡೀತೈತಿ” ಎನ್ನುತ್ತ ಕುಂಡಿಯಿಂದ ಹಿಮ್ಮಡಿಯವರೆಗೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು.

ಆ ಗೆರೆ ಚರಕಸಂಹಿತೆಯಲ್ಲಿದೆ. ನೋವು ಕುಂಡಿಯಲ್ಲಿ ಹುಟ್ಟಿ ಟೊಂಕ, ಬೆನ್ನು, ತೊಡೆ, ಮೊಣಕಾಲು, ಮೀನಗಂಡ ಹಿಡಿದು ಪಾದಕ್ಕಿಳಿಯುತ್ತದೆ, ಹೆಸರು ಗೃಧ್ರಸಿ. ರೋಗಿಯ ನಡಿಗೆ ಗೃಧ್ರದ, ಅಂದರೆ ರಣಹದ್ದಿನ, ನಡಿಗೆಯಂತಿರುತ್ತದೆ ಎಂದು ವೈದ್ಯರು ಆ ಹೆಸರನ್ನು ಬಿಡಿಸಿ ಹೇಳುತ್ತಾರೆ. ಈ ನೋವಿನಲ್ಲಿ ಕಾಲು ಎತ್ತಲಾಗದು ಎಂದ ಸುಶ್ರುತ. ಈಗ ಸಯಾಟಿಕಾ ಎನ್ನುವ ಈ ನೋವು ಇದೆಯೇ ಎಂದು ನೋಡಲು ಇಂದಿನ ಡಾಕ್ಟರೂ ರೋಗಿಯನ್ನು ಮಲಗಿಸಿ ಕಾಲನ್ನೇ ಎತ್ತಿಸುತ್ತಾರೆ. ಸೊಂಟದ ಹಿಂದಿನ ಕುಕುಂದರ ಮರ್ಮಕ್ಕೆ ಪೆಟ್ಟು ಬಿದ್ದರೆ ಕೆಳಗಿನ ಮೈಗೆ ಸ್ಪರ್ಶವೂ ಚಲನೆಯೂ ಇಲ್ಲವಾಗುತ್ತದೆ ಎಂಬುದೂ ಸುಶ್ರುತನ ಮಾತೇ.

ಸುಶ್ರುತ ಹೆಣವನ್ನು ಕಣ್ಣಾರೆ ನೋಡಿ ಕಲಿಯಬೇಕೆಂದವನು. ಹುಲ್ಲಿನಲ್ಲಿ ಸುತ್ತಿದ ಶವವನ್ನು ಪಂಜರದಲ್ಲಿಟ್ಟು, ಮೆಲ್ಲಗೆ ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಬೇಕು. ಆಮೇಲೆ ಲಾವಂಚದ ಕುಂಚದಿಂದ ಪದರು ಪದರಾಗಿ ಉಜ್ಜಿ ಒಳಗಿನದನ್ನು ನೋಡಬೇಕು. ಇಷ್ಟು ಬರೆದಿಟ್ಟ ನಾಡಿನಲ್ಲಿ ಶ್ಲೋಕ ಬಾಯಲ್ಲಿ ಉಳಿಯಿತು, ಕುಂಚ ಕೈಬಿಟ್ಟು ಹೋಯಿತು. ನನಗೆ ಇಂದಿಗೂ ನುಂಗಲಾಗದ ನಷ್ಟವಿದು. ಅತ್ತ 1764ರಲ್ಲಿ ನೇಪಲ್ಸ್‌ನ ವೈದ್ಯ ಡೊಮೆನಿಕೊ ಕೊಟುನ್ಯೊ ಇದೇ ಸಯಾಟಿಕಾದಲ್ಲಿ ಕೀಲಿನ ನೋವು ಬೇರೆ, ನರದ ನೋವು ಬೇರೆ ಎಂದು ವಿಂಗಡಿಸಿದ. ಇತ್ತ 1836ರಲ್ಲಿ ಕಲ್ಕತ್ತೆಯಲ್ಲಿ ಆಯುರ್ವೇದ ಓದಿದ ಪಂಡಿತ ಮಧುಸೂದನ ಗುಪ್ತರು ಮತ್ತೆ ಶವಕ್ಕೆ ಕತ್ತಿ ಹಚ್ಚಿದರು.

ನಮ್ಮ ಸೀಮೆಯಲ್ಲಿ ಆ ಕುಂಚವನ್ನು ಮತ್ತೆ ಕೈಗೆತ್ತಿಕೊಂಡವರು ಬೈಲಹೊಂಗಲದ ತಂದೆ-ಮಗ ಎಂದೇ ನಾನು ತಿಳಿದಿದ್ದೇನೆ. ಆಯುರ್ವೇದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ದಾನ ಬರೆದಿಟ್ಟರು. ಅದನ್ನು ಮಗನೇ ಛೇದಿಸಬೇಕು ಎಂಬುದೂ ಅವರ ಇಚ್ಛೆ. ಮಗ ಡಾ. ಮಹಾಂತೇಶ ಶರೀರರಚನೆಯ ಅಧ್ಯಾಪಕರು. ತಂದೆ ತೀರಿಕೊಂಡದ್ದು 2008ರಲ್ಲಿ. 2010ರ ನವೆಂಬರ್‌ನಲ್ಲಿ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಎದುರು, ಮಗ ತಂದೆಯ ದೇಹಕ್ಕೆ ಕತ್ತಿ ಹಿಡಿದರು. ತನ್ನನ್ನು ಎತ್ತಿ ಆಡಿಸಿದ ಮೈಯನ್ನೇ ಪಾಠವಾಗಿ ಬಿಡಿಸಿದ ಆ ಕೈ ಎಷ್ಟು ಗಟ್ಟಿಯಾಗಿರಬೇಕು! ಅದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಪುಸ್ತಕವಿರುವಾಗ ಹೆಣ ಏಕೆ ಎಂದು ಕೇಳುವವರಿದ್ದಾರೆ. ಆ ಹಿರಿಯರು ಬೆರಳಿನಿಂದ ತೋರಿಸಿದ ನರವನ್ನೇ ನೋಡಿ. ಬೆನ್ನುಹುರಿಯಿಂದ ಹೊರಟ ಐದು ಬೇರುಗಳು ಕಿಬ್ಬೊಟ್ಟೆಯ ಗೂಡಿನಲ್ಲಿ ಕೂಡಿ, ದೇಹದ ಅತಿ ದಪ್ಪ ನರವಾಗಿ ಕುಂಡಿಯ ಆಳಕ್ಕೆ ಬರುತ್ತವೆ. ಬಹಳ ಜನರಲ್ಲಿ ಅದು ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಕೆಳಗೆ ಹಾಯುತ್ತದೆ. ಕೆಲವರಲ್ಲಿ ಮೇಲೆಯೇ ಸೀಳಿಕೊಂಡು, ಒಂದು ಎಳೆ ಆ ಸ್ನಾಯುವನ್ನೇ ತೂರಿ ಬರುತ್ತದೆ. ಕುಂಡಿಗೆ ಸೂಜಿ ಚುಚ್ಚುವಾಗ ಮೇಲಿನ ಹೊರ ಮೂಲೆಯನ್ನೇ ಆರಿಸುವುದು ಈ ನರ ತಪ್ಪಿಸಲೆಂದು. ಒಂದೇ ಚಿತ್ರ ನೋಡಿ ಕಲಿತವನಿಗೆ ಒಬ್ಬನ ಮೈ ಮಾತ್ರ ಗೊತ್ತಿರುತ್ತದೆ. ಹತ್ತು ದೇಹ ಬಿಡಿಸಿದವನಿಗೆ ಮೈಯಿಂದ ಮೈಗೆ ಇರುವ ಫರಕು ಬೆರಳಿಗೇ ತಿಳಿಯುತ್ತದೆ.

ಗದಗಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನಮ್ಮ ಮಕ್ಕಳೇ ಅಲ್ಲಿ ಓದುತ್ತಾರೆ. ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ಒಪ್ಪಿಗೆಯಾದರೆ ದೇಹದಾನದ ಪತ್ರ ಬರೆದಿಡಿ.